ಮುತ್ಯಾನ ಆಯುಷ್ಯವೂ ಮೊಮ್ಮಕ್ಕಳ ಆರೋಗ್ಯವೂ

ನಾಸಿಕದಲ್ಲಾಗಲಿ ಛತ್ರಪತಿ ಸಂಭಾಜಿನಗರದಲ್ಲಾಗಲಿ, ಕನ್ನಡಿಗರು ನಾಲ್ಕು ಮನೆಯವರು ಕೂಡಿ ಊಟಕ್ಕೆ ಕುಳಿತರೆಂದರೆ ಮಾತು ಊರಿನ ಕಡೆಗೆ ಹೊರಳುವುದು ಸಹಜವೇ ಆಗಿದೆ. ಮಳೆ, ಬೆಳೆ, ಜಾತ್ರೆ, ಹೊಲದ ಪಾಲು ಇವೆಲ್ಲ ಮುಗಿದ ಮೇಲೆ ಮಾತು ಹಿರಿಯರ ಮೇಲೆ ಬರುತ್ತದೆ. "ನಮ್ಮ ಮುತ್ಯಾ ತೊಂಬತ್ತೈದು ವರ್ಷ ಬದುಕಿದರು. ಒಂದು ದಿನ ಗುಳಿಗೆ ನುಂಗಿದವರಲ್ಲ. ಅವರಿಗೆ ಯಾವ ಬಿ.ಪಿ. ಇತ್ತು, ಯಾವ ಶುಗರ್ ಇತ್ತು?" ಎಂದು ಒಬ್ಬರು ಕೇಳುತ್ತಾರೆ. ಇನ್ನೊಬ್ಬರ ಅಜ್ಜನವರು ತೊಂಬತ್ತೆಂಟು, ಮತ್ತೊಬ್ಬರದು ನೂರೆರಡು. ಕೇಳಲು ಹಿತವಾದ ಈ ಮಾತು ಅಲ್ಲಿಗೇ ನಿಂತರೆ ಯಾರಿಗೂ ಕೇಡಿಲ್ಲ. ಆದರೆ ಅದೇ ಪಂಕ್ತಿಯಲ್ಲಿ, ವೈದ್ಯರು ಬರೆದುಕೊಟ್ಟ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಔಷಧಿ ಆರಂಭಿಸುವುದೋ ಬೇಡವೋ ಎಂದು ಅನುಮಾನಿಸುತ್ತಿರುವ ನಲವತ್ತೈದು ವರ್ಷದ ಬಂಧುವೊಬ್ಬರು ಕುಳಿತಿರುತ್ತಾರೆ. ಅವರಿಗೆ ಈ ಮಾತು ಒಂದು ಆಧಾರವಾಗಿಬಿಡುತ್ತದೆ. ಆದ್ದರಿಂದ ಮುತ್ಯಾನವರ ದೀರ್ಘಾಯುಷ್ಯವು ನಿಜವಾಗಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶವಾಗಿದೆ.

ಅನ್ಯರ ಮನೆಯ ಹಿರಿಯರನ್ನು ಪರೀಕ್ಷೆಗೆ ಎಳೆಯುವುದು ಸರಿಯಲ್ಲವಾದ್ದರಿಂದ ನಮ್ಮ ಮನೆಯವರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ನಮ್ಮ ತಂದೆಯ ತಂದೆಯವರು ಕಲಬುರಗಿ ಜಿಲ್ಲೆಯ ಒಂದು ಎರೆಹೊಲದ ಹಳ್ಳಿಯಲ್ಲಿ ಹುಟ್ಟಿ, ಅಲ್ಲಿಯೇ ಬಾಳಿ, ಅಲ್ಲಿಯೇ 2003ರಲ್ಲಿ ತೀರಿಕೊಂಡರು. ನಮ್ಮ ಕಡೆಯ ರೂಢಿಯಂತೆ ನಾವೆಲ್ಲ ಅವರನ್ನು ಮುತ್ಯಾ ಎಂದೇ ಕರೆಯುತ್ತಿದ್ದೆವು. ಅವರ ಯೌವನದ ಕಾಲಕ್ಕೆ ಆ ಹಳ್ಳಿಯೂ ಅಂದಿನ ಔರಂಗಾಬಾದ್ ನಗರವೂ ಒಂದೇ ನಿಜಾಮರ ರಾಜ್ಯದಲ್ಲಿದ್ದವು. 1948ರ ಸೆಪ್ಟೆಂಬರ್ 17ರಂದು ಆ ಆಳಿಕೆ ಮುಗಿಯಿತು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವು ಭಾಷೆಗನುಸಾರವಾಗಿ ಹಂಚಿಹೋಗಿ, ಕಲಬುರಗಿ ಒಂದು ಕಡೆಗೂ ಔರಂಗಾಬಾದ್ ಇನ್ನೊಂದು ಕಡೆಗೂ ಸೇರಿದವು. ಆದ್ದರಿಂದ ಮಗನು ದುಡಿಮೆಗೆಂದು ಔರಂಗಾಬಾದಿಗೆ ಹೊರಟಾಗ, ಪರರಾಜ್ಯಕ್ಕೆ ಹೋಗುತ್ತಿದ್ದಾನೆಂದು ಮುತ್ಯಾನವರಿಗೆ ಅನ್ನಿಸಲೇ ಇಲ್ಲವಂತೆ.

ಮೊದಲು ವಯಸ್ಸಿನ ಲೆಕ್ಕ. ಅವರ ಉತ್ತರಕ್ರಿಯೆಯ ಪತ್ರಿಕೆಯಲ್ಲಿ 101 ವರ್ಷವೆಂದು ಅಚ್ಚಾಯಿತು. ಹಳ್ಳಿಗಳಲ್ಲಿ ಎಂಬತ್ತು ದಾಟಿದ ಮೇಲೆ ವಯಸ್ಸು ವರ್ಷಕ್ಕೆ ಒಂದರಂತೆ ಏರುವುದಿಲ್ಲ. ಎರಡು ಮೂರರಂತೆ ಏರುತ್ತದೆ. ಜನನದ ದಾಖಲೆ ಇಲ್ಲದ ಹಿರಿಯರ ವಯಸ್ಸನ್ನು ನಿರ್ಣಯಿಸಲು ಒಂದೇ ಉಪಾಯವೆಂದರೆ, ಇಸವಿ ತಿಳಿದಿರುವ ಘಟನೆಯೊಂದನ್ನು ಹಿಡಿದು, ಆಗ ಅವರು ಏನು ಮಾಡುತ್ತಿದ್ದರೆಂದು ವಿಚಾರಿಸುವುದು. 'ದೊಡ್ಡ ಜ್ವರ' ಬಂದ ವರ್ಷ ತಮ್ಮ ಮುಂದಿನ ಹಾಲುಹಲ್ಲುಗಳು ಬಿದ್ದು ಹೊಸ ಹಲ್ಲು ಬರುತ್ತಿದ್ದವೆಂದೂ, ತಾವು ಕರುಗಳನ್ನು ಕಾಯುತ್ತಿದ್ದೆವೆಂದೂ ಮುತ್ಯಾನವರು ಹೇಳುತ್ತಿದ್ದರು. ದೊಡ್ಡ ಜ್ವರವೆಂದರೆ 1918ರ ಇನ್‌ಫ್ಲುಯೆಂಜಾ. ಮುಂದಿನ ಹಲ್ಲು ಬದಲಾಗುವುದು ಏಳೆಂಟು ವರ್ಷದೊಳಗೆ. ಅಂದಮೇಲೆ ಅವರು ಹುಟ್ಟಿದ್ದು 1910ರ ಆಸುಪಾಸಿನಲ್ಲಿ, ಬದುಕಿದ್ದು ಸುಮಾರು 93 ವರ್ಷ. ಎಂಟು ವರ್ಷ ಕಡಿಮೆಯಾದುದಕ್ಕೆ ನಮ್ಮ ಬಂಧುಗಳಲ್ಲಿ ಕೆಲವರಿಗೆ ಇಂದಿಗೂ ಅಸಮಾಧಾನವಿದೆ.

93 ವರ್ಷವೇನೂ ಸಾಮಾನ್ಯವಲ್ಲ. ಆದರೆ ಆ ಮನೆಯಲ್ಲಿ ಹುಟ್ಟಿದ ಮಕ್ಕಳು ಒಟ್ಟು ಒಂಬತ್ತು. ಬೆಳೆದು ಮದುವೆಯಾದವರು ಮೂವರು. ಮೂರು ಕೂಸುಗಳು ವರ್ಷ ತುಂಬುವ ಮೊದಲೇ ಹೋದವು. ಒಬ್ಬ ಅಕ್ಕ ಸಿಡುಬಿನಿಂದ, ಇಬ್ಬರು ಅಣ್ಣಂದಿರು ಅದೇ 1918ರ ಜ್ವರದಲ್ಲಿ ಒಂದೇ ವಾರದೊಳಗೆ ತೀರಿಕೊಂಡರು. ಆ ವರ್ಷ ಮಳೆಯೂ ಕೈಕೊಟ್ಟಿದ್ದರಿಂದ ಜ್ವರದಿಂದ ಎದ್ದವರಿಗೂ ಅಂಬಲಿಗೆ ಹಿಟ್ಟಿರಲಿಲ್ಲವೆಂದು ಅವರು ನೆನೆಯುತ್ತಿದ್ದರು. ಇದು ನಮ್ಮ ಮನೆಯೊಂದರ ದುರ್ದೈವವಲ್ಲ. ಆ ಜ್ವರದಿಂದ ಹಿಂದುಸ್ಥಾನದಲ್ಲಿ ಒಂದು ಕೋಟಿಗೂ ಮಿಕ್ಕಿ ಜನರು ಸತ್ತರು. 1911ರಿಂದ 1921ರವರೆಗಿನ ಹತ್ತು ವರ್ಷಗಳಲ್ಲಿ ದೇಶದ ಜನಸಂಖ್ಯೆ ಹೆಚ್ಚುವುದಿರಲಿ, ತುಸು ಇಳಿಯಿತು. ಜನಗಣತಿಯ ಇತಿಹಾಸದಲ್ಲಿ ಅಂಥ ದಶಕ ಅದೊಂದೇ. ಆ ಕಾಲದಲ್ಲಿ ಹುಟ್ಟಿದ ಕೂಸಿನ ಸರಾಸರಿ ಆಯುಷ್ಯವು 20ರಿಂದ 25 ವರ್ಷಗಳಷ್ಟೇ ಇತ್ತು. 1951ರ ಹೊತ್ತಿಗೆ ಅದು ಸುಮಾರು 32 ಆಯಿತು. ಈಗ 70ರ ಸಮೀಪದಲ್ಲಿದೆ.

ವೇರೂಳದ ಕೈಲಾಸ ದೇವಾಲಯವನ್ನು ನಾವು ಕನ್ನಡಿಗರು ಅಭಿಮಾನದಿಂದ ನೋಡಲು ಹೋಗುತ್ತೇವೆ. ಎಂಟನೆಯ ಶತಮಾನದಲ್ಲಿ ರಾಷ್ಟ್ರಕೂಟ ಕೃಷ್ಣನ ಆಳಿಕೆಯಲ್ಲಿ ಬಂಡೆಯಿಂದ ಕಡೆದ ಆ ಗುಡಿ ಇಂದಿಗೂ ನಿಂತಿದೆ. ಅದನ್ನು ಕಂಡು, ರಾಷ್ಟ್ರಕೂಟರ ಕಾಲದ ಮನೆಗಳೆಲ್ಲ ಹೀಗೆಯೇ ಗಟ್ಟಿಯಾಗಿದ್ದವೆಂದು ಯಾರೂ ಹೇಳುವುದಿಲ್ಲ. ಮಣ್ಣಿನ ಮನೆಗಳು ಮಣ್ಣಾಗಿ ಹೋದವು. ಅವು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಊಟದ ಪಂಕ್ತಿಯಲ್ಲಿ ಹೊಗಳಿಸಿಕೊಳ್ಳುವ ಮುತ್ಯಾಗಳೂ ಹಾಗೆ ಉಳಿದವರು. ಉಳಿಯದ ಆರು ಜನರ ಪರವಾಗಿ ಮಾತನಾಡಲು ಅಲ್ಲಿ ಮೊಮ್ಮಕ್ಕಳೇ ಇರುವುದಿಲ್ಲ.

ಇನ್ನೊಂದು ಮಾತು ಇಲ್ಲಿಯೇ ಹೇಳಿಬಿಡಬೇಕು. ನಮ್ಮ ಅಜ್ಜಿಯವರು ಉಂಡದ್ದು ಅದೇ ರೊಟ್ಟಿ, ಕುಡಿದದ್ದು ಅದೇ ಬಾವಿಯ ನೀರು, ಉಸಿರಾಡಿದ್ದು ಅದೇ ಹೊಲದ ಗಾಳಿ. ದುಡಿಮೆಯಲ್ಲಿ ಮುತ್ಯಾನವರಿಗಿಂತ ಒಂದು ತೂಕ ಹೆಚ್ಚೇ. ಅವರು ಏಳನೆಯ ಹೆರಿಗೆಯಲ್ಲಿ ರಕ್ತಸ್ರಾವವಾಗಿ 1952ರಲ್ಲಿ ತೀರಿಕೊಂಡರು. ಆಗ ಅವರಿಗೆ ನಲವತ್ತು ಸಹ ಆಗಿರಲಿಲ್ಲ. 'ಹಳ್ಳಿಯ ಶುದ್ಧ ಆಹಾರ, ಶುದ್ಧ ಹವೆ' ಎಂದು ಹೇಳುವಾಗ ನಾವು ಅಜ್ಜಿಯರನ್ನು ಏಕೆ ಮರೆಯುತ್ತೇವೆಯೋ ತಿಳಿಯದು.

ಹಾಗಾದರೆ ಉಳಿದ ಮುತ್ಯಾನವರನ್ನು ಉಳಿಸಿದ್ದು ಏನು? ಅವರ ಮೈಮೇಲಿನ ಗುರುತುಗಳೇ ಅರ್ಧ ಕಥೆಯನ್ನು ಹೇಳುತ್ತಿದ್ದವು. ಅಕ್ಕ ತೀರಿಕೊಂಡ ಮೇಲೆ ಹಾಕಿಸಿದ ಸಿಡುಬಿನ ಲಸಿಕೆಯ ಗುರುತು ತೋಳಿನ ಮೇಲಿತ್ತು. (ಆ ರೋಗದ ಕಡೆಯ ಪ್ರಕರಣ ಭಾರತದಲ್ಲಿ ಕಂಡದ್ದು 1975ರಲ್ಲಿ.) ಬಲಗಾಲಿನ ಹರಡಿನ ಹತ್ತಿರ ಉದ್ದನೆಯ ಒಂದು ಕಲೆ, ಅದು ನಾರುಹುಣ್ಣಿನದು. ಇಂದಿನ ಯುವಕರಿಗೆ ಆ ರೋಗದ ಹೆಸರೂ ಗೊತ್ತಿರಲಾರದು. ಕಲಬುರಗಿ, ರಾಯಚೂರು, ಮರಾಠವಾಡಾ ಪ್ರದೇಶಗಳಲ್ಲಿ ಮೆಟ್ಟಿಲಿಳಿದು ನೀರು ತುಂಬಿಕೊಳ್ಳುವ ಬಾವಿಗಳೇ ಹೆಚ್ಚು. ಹುಣ್ಣಿದ್ದವರು ನೀರಿಗೆ ಕಾಲಿಟ್ಟೊಡನೆ ಹುಳುವು ಅಸಂಖ್ಯ ಮರಿಗಳನ್ನು ನೀರಿಗೆ ಬಿಡುತ್ತದೆ. ಕಣ್ಣಿಗೆ ಕಾಣದಷ್ಟು ಚಿಕ್ಕ ನೀರುಹುಳುಗಳು ಅವನ್ನು ನುಂಗುತ್ತವೆ. ಆ ನೀರನ್ನು ಸೋಸದೆ ಕುಡಿದವನ ಹೊಟ್ಟೆಯಿಂದ ಮರಿಗಳು ಮೈಯೊಳಗೆ ಸೇರಿ, ವರ್ಷದ ನಂತರ ಎರಡು ಮೂರು ಅಡಿ ಉದ್ದದ ನಾರಿನಂಥ ಹುಳುವಾಗಿ ಕಾಲಿನಿಂದ ಹೊರಬರುತ್ತವೆ. ಅದನ್ನು ಕಡ್ಡಿಗೆ ಸುತ್ತುತ್ತ ದಿನಕ್ಕೆ ಇಷ್ಟಿಷ್ಟೇ ಎಳೆಯಬೇಕು. ಬಿತ್ತನೆಯ ಹೊತ್ತಿಗೆ ಇಡೀ ಮನೆಯವರು ಕಾಲು ಚಾಚಿ ಮಲಗಿದ್ದುಂಟು. ಯಾವ ಔಷಧಿಯೂ ಇದನ್ನು ನೀಗಿಸಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸುವುದು, ಮೆಟ್ಟಿಲುಬಾವಿಗಳನ್ನು ಮಾರ್ಪಡಿಸುವುದು, ಕೊಳವೆಬಾವಿ ತೋಡುವುದು ಇಷ್ಟರಿಂದಲೇ 1996ರಲ್ಲಿ ದೇಶದ ಕೊನೆಯ ಪ್ರಕರಣ ಮುಗಿದು, 2000ದಲ್ಲಿ ಭಾರತವು ಅದರಿಂದ ಮುಕ್ತವೆಂದು ಘೋಷಿತವಾಯಿತು.

ಅರವತ್ತರ ಹೊತ್ತಿಗೆ ಮುತ್ಯಾನವರಿಗೆ ನ್ಯುಮೋನಿಯಾ ಆದಾಗ ತಾಲೂಕಿನ ದವಾಖಾನೆಯ ಪೆನಿಸಿಲಿನ್ ಇಂಜೆಕ್ಷನ್ನು ಅವರನ್ನು ಎಬ್ಬಿಸಿ ಕೂರಿಸಿತು. 1987ರಲ್ಲಿ ನೇತ್ರ ಶಿಬಿರವೊಂದರಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಮತ್ತೆ ಹೊಲದ ಬದುವಿನ ಮೇಲೆ ಒಬ್ಬರೇ ನಡೆಯತೊಡಗಿದರು. 'ಒಂದು ದಿನ ಗುಳಿಗೆ ನುಂಗಿದವರಲ್ಲ' ಎಂಬ ಮಾತು ನಮ್ಮ ಮನೆಯಲ್ಲಿಯೂ ಪ್ರಚಲಿತವಾಗಿದೆ. ಆದರೆ ಅದು ನಿಜವಲ್ಲ. ಶಸ್ತ್ರಕ್ರಿಯೆಗೆ ಮುನ್ನ ಆ ಶಿಬಿರದ ವೈದ್ಯರು ಅಳೆದಾಗ ಅವರ ರಕ್ತದ ಒತ್ತಡ ಸ್ವಲ್ಪ ಏರಿಯೇ ಇತ್ತು! ಎಪ್ಪತ್ತೇಳು ವರ್ಷಗಳಲ್ಲಿ ಅದನ್ನು ಯಾರೂ ಅಳೆದಿರಲಿಲ್ಲವಾದ್ದರಿಂದ 'ಅವರಿಗೆ ಬಿ.ಪಿ. ಇರಲಿಲ್ಲ'. ಹಳ್ಳಿಯಲ್ಲಿ ಸಕ್ಕರೆ ರೋಗವೂ ಹೃದ್ರೋಗವೂ ಹೀಗೆಯೇ ಇರಲಿಲ್ಲ. ಜನರು ಸೊರಗಿ ಸತ್ತರು, ಎದೆ ಹಿಡಿದು ಸತ್ತರು, ಲಕ್ವ ಹೊಡೆದು ಸತ್ತರು, ಗಾಳಿ ಸೋಕಿ ಸತ್ತರು.

ಇಷ್ಟನ್ನೆಲ್ಲ ಹೇಳಿದ ಮೇಲೆಯೂ, ಮುತ್ಯಾನವರ ದಿನಚರಿಯಲ್ಲಿ ಅಭ್ಯಾಸಯೋಗ್ಯವಾದ ಅಂಶಗಳಿದ್ದವೆಂಬುದನ್ನು ಒಪ್ಪಲೇಬೇಕು. ಬೆಳಗಿನ ಜಾವಕ್ಕೆ ಏಳುವುದು, ಹಿಂದಿನ ದಿನದ ಜೋಳದ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ತಿನ್ನುವುದು. ಮಧ್ಯಾಹ್ನ ಹೊಲಕ್ಕೆ ಬುತ್ತಿ: ಎರಡು ರೊಟ್ಟಿ, ಪುಂಡಿಪಲ್ಯ, ತೊಗರಿಬೇಳೆ, ಶೇಂಗಾ ಹಿಂಡಿ, ಒಂದು ಹಸಿ ಉಳ್ಳಾಗಡ್ಡಿ. ರಾತ್ರಿ ದೀಪ ಹಚ್ಚಿದ ಸ್ವಲ್ಪ ಹೊತ್ತಿಗೆ ಅದೇ ಊಟ, ಆಮೇಲೆ ಹೊರಸಿನ ಮೇಲೆ ನಿದ್ದೆ. ಅನ್ನವೂ ಬೆಲ್ಲವೂ ಹಬ್ಬಕ್ಕೆ. ಎಳ್ಳು ಅಮಾವಾಸ್ಯೆಯ ದಿನ ಸಜ್ಜೆಯ ರೊಟ್ಟಿ, ಭಜ್ಜಿ ಪಲ್ಯಗಳನ್ನು ಹೊಲಕ್ಕೆ ಒಯ್ದು ಹೊಟ್ಟೆ ಬಿರಿಯೆ ಉಣ್ಣುತ್ತಿದ್ದರು. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಸಸಾರಜನಕವೂ 10 ಗ್ರಾಂ ನಾರಿನಂಶವೂ ಇರುತ್ತವೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು 3 ಗ್ರಾಮಿಗಿಂತ ಕಡಿಮೆ. ಆದರೆ ಜೋಳದ ಗುಣವನ್ನಷ್ಟೇ ಹೊಗಳಿ ನಡಿಗೆಯನ್ನು ಮರೆತರೆ ಲೆಕ್ಕ ತಪ್ಪುತ್ತದೆ. ನೇಗಿಲ ಸಾಲು ಒಂಬತ್ತು ಇಂಚು ಅಗಲವೆಂದು ಹಿಡಿದರೆ, ಒಂದು ಎಕರೆ ಹೊಡೆದು ಮುಗಿಸಲು ಎತ್ತಿನ ಹಿಂದೆ 11 ಮೈಲು, ಅಂದರೆ ಸುಮಾರು ಹದಿನೇಳೂವರೆ ಕಿಲೋಮೀಟರು ನಡೆಯಬೇಕಾಗುತ್ತದೆ. ಒಂದೂವರೆ ಅಡಿಯ ಕುಂಟೆಯಾದರೆ ಅದರ ಅರ್ಧ; ಆದರೆ ಕುಂಟೆ ಹಿಡಿದವನು ದಿನಕ್ಕೆ ಒಂದು ಎಕರೆಗೆ ಬಿಡುವುದಿಲ್ಲ. ಆ ರೊಟ್ಟಿ ಈ ನಡಿಗೆಗೆ ಸರಿಹೋಗುತ್ತಿತ್ತು. ಮತ್ತು ಅವರ ಮಿತಾಹಾರವು ವ್ರತವೇನೂ ಆಗಿರಲಿಲ್ಲ. ಹಗೇವಿನಲ್ಲಿ ಉಳಿದ ಜೋಳವೇ ಅದರ ಅಳತೆಯನ್ನು ನಿರ್ಧರಿಸುತ್ತಿತ್ತು. 1972ರ ಬರದಲ್ಲಿ ಅರವತ್ತು ದಾಟಿದ್ದ ಅವರು ಕಾಮಗಾರಿಯಲ್ಲಿ ಜಲ್ಲಿ ಒಡೆದರು. ಅದನ್ನು ವ್ಯಾಯಾಮವೆಂದು ಕರೆಯಲು ನನಗೆ ಮನಸ್ಸು ಬಾರದು.

ಅವರ ಹಿರಿಯ ಮಗ, ನಮ್ಮ ದೊಡ್ಡಪ್ಪನವರು, 1970ರ ಸುಮಾರಿಗೆ ಔರಂಗಾಬಾದಿನ ಚಿಕಲಠಾಣಾ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಗೆ ಸೇರಿದರು. ಮೂರು ಪಾಳಿಯ ಕೆಲಸ. ಯಂತ್ರದ ಮುಂದೆ ನಿಲ್ಲುವುದೇ ಹೊರತು ನಡಿಗೆಯಿಲ್ಲ. ರಾತ್ರಿ ಪಾಳಿಯಲ್ಲಿ ನಿದ್ದೆ ತಡೆಯಲು ಸಕ್ಕರೆಯ ಚಹಾ, ಜೊತೆಗೆ ಉಪ್ಪುಖಾರದ ಫರಸಾಣ. ಊರಿನಿಂದ ಬಂದ ಜೋಳ ಮುಗಿದ ಮೇಲೆ ಎರಡು ಹೊತ್ತು ಅನ್ನ. ನಲವತ್ತಾರನೆಯ ವಯಸ್ಸಿನಲ್ಲಿ ತಪಾಸಣೆಯೊಂದರಲ್ಲಿ ಅವರ ರಕ್ತದ ಒತ್ತಡ 170/110 ಎಂದು ತಿಳಿಯಿತು. ಎರಡು ತಿಂಗಳು ಗುಳಿಗೆ ತೆಗೆದುಕೊಂಡರು. ತಲೆನೋವಿಲ್ಲ, ಸುಸ್ತಿಲ್ಲ ಎಂದು ಬಿಟ್ಟರು. "ನಮ್ಮಪ್ಪ ಇವತ್ತಿಗೂ ಹೊಲಕ್ಕೆ ಹೋಗತಾನ. ನನಗ ಯಾಕ ಬೇಕು ಗುಳಗಿ?" ಎಂಬುದೇ ಅವರ ಉತ್ತರ. 1996ರಲ್ಲಿ, 54ನೆಯ ವಯಸ್ಸಿನಲ್ಲಿ, ಲಕ್ವ ಹೊಡೆದು ಎರಡೇ ದಿನಗಳಲ್ಲಿ ಹೋದರು. ಎಂಬತ್ತಾರು ವರ್ಷದ ಮುತ್ಯಾನವರನ್ನು ಊರಿನಿಂದ ಕರೆತರಬೇಕಾಯಿತು. ಅವರು ಮಗನ ನಂತರ ಏಳು ವರ್ಷ ಬದುಕಿದರು.

ರಕ್ತದ ಒತ್ತಡವು ನೋವು ಕೊಡದ ವ್ಯಾಧಿಯಾಗಿದೆ. ಅದು ವರ್ಷಗಟ್ಟಲೆ ಸದ್ದಿಲ್ಲದೆ ರಕ್ತನಾಳಗಳ ಗೋಡೆಯನ್ನು ಪೆಡಸುಗೊಳಿಸಿ, ಮೆದುಳು, ಹೃದಯ, ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಗುಳಿಗೆಯಿಂದ ಅಂಕಿ ಇಳಿಯಿತೆಂದರೆ ರೋಗ ವಾಸಿಯಾಯಿತೆಂದಲ್ಲ, ಗುಳಿಗೆ ಕೆಲಸ ಮಾಡುತ್ತಿದೆಯೆಂದು ಅರ್ಥ. ಬಿಟ್ಟರೆ ಮತ್ತೆ ಏರುತ್ತದೆ. ಮೇಲಿನ ಅಂಕಿಯನ್ನು 10ರಷ್ಟು ಇಳಿಸಿದರೆ ಲಕ್ವದ ಸಂಭವವು ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆಂದು ದೊಡ್ಡ ದೊಡ್ಡ ಪರೀಕ್ಷಣಗಳಿಂದ ಸಿದ್ಧವಾಗಿದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಂತೆ ನಮ್ಮ ದೇಶದ ವಯಸ್ಕರಲ್ಲಿ ಮೂವರಿಗೊಬ್ಬರಿಗಿಂತ ಹೆಚ್ಚು ಜನರಿಗೆ ಅಧಿಕ ರಕ್ತದೊತ್ತಡವಿದೆ. ಹತ್ತು ಕೋಟಿ ಜನರಿಗೆ ಮಧುಮೇಹವಿದೆ.

ಮುತ್ಯಾನ ಮೈಗೆ ಸರಿಹೋದದ್ದು ಮಗನ ಮೈಗೆ, ಮೊಮ್ಮಗನ ಮೈಗೆ ಏಕೆ ಸರಿಹೋಗದು? ನಡಿಗೆ ತಪ್ಪಿತೆಂಬುದು ಒಂದು ಕಾರಣ. ಇನ್ನೊಂದು ಕಾರಣವು ಹುಟ್ಟಿಗೂ ಹಿಂದಿನದು. ಮೈಸೂರಿನ ಹೋಲ್ಡ್ಸ್‌ವರ್ಥ್ ಸ್ಮಾರಕ ಆಸ್ಪತ್ರೆಯಲ್ಲಿ, ಊರವರು ಮಿಷನ್ ಆಸ್ಪತ್ರೆಯೆನ್ನುವ ಅಲ್ಲಿ, 1934ರಿಂದ ಪ್ರತಿಯೊಂದು ಕೂಸಿನ ತೂಕವನ್ನೂ ಪುಸ್ತಕದಲ್ಲಿ ಬರೆದಿಡುತ್ತಿದ್ದರು. 1934ರಿಂದ 1954ರೊಳಗೆ ಅಲ್ಲಿ ಹುಟ್ಟಿದ 517 ಜನರನ್ನು ಅರ್ಧ ಶತಮಾನದ ಬಳಿಕ ಹುಡುಕಿ ಪರೀಕ್ಷಿಸಿದಾಗ, ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಕದಿಂದ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗವಿದ್ದರೆ, ಮೂರು ಕಿಲೋ ದಾಟಿದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ ಇತ್ತು. 1996ರಲ್ಲಿ ಪ್ರಕಟವಾದ ಈ ಶೋಧನೆಗೆ ಪೂರಕವಾದ ಇನ್ನೊಂದು ಸಂಗತಿ ಪುಣೆಯ ಸುತ್ತಲಿನ ಹಳ್ಳಿಗಳಿಂದ ಬಂತು. ಅಲ್ಲಿ ಡಾ. ಚಿತ್ತರಂಜನ ಯಾಜ್ಞಿಕ್ ಅವರೂ ಸಂಗಡಿಗರೂ ಅಳೆದ ಕೂಸುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಕೂಸುಗಳದು ಮೂರೂವರೆ. ನಮ್ಮ ಕೂಸು ನೋಡಲು ಸಣ್ಣದು, ಮಾಂಸಖಂಡ ಕಡಿಮೆ. ಆದರೆ ಕೊಬ್ಬು ಆ ಪ್ರಮಾಣದಲ್ಲಿ ಕಡಿಮೆಯಿಲ್ಲ. ತಾಯಿ ಅರೆಹೊಟ್ಟೆಯಲ್ಲಿದ್ದಾಗ ಗರ್ಭದಲ್ಲಿ ಬೆಳೆದ ಕೂಸು ಕೊರತೆಯ ಲೋಕಕ್ಕೆ ಸಿದ್ಧವಾಗಿ ಬರುತ್ತದೆಂದೂ, ಅದೇ ದೇಹಕ್ಕೆ ಮುಂದೆ ಹೊಟ್ಟೆ ತುಂಬ ಅನ್ನ, ಎಣ್ಣೆ, ಸಕ್ಕರೆ ದೊರೆತು ದುಡಿಮೆ ತಪ್ಪಿದರೆ ಅದು ತಾಳಲಾರದೆಂದೂ ವಿದ್ವಾಂಸರು ಹೇಳುತ್ತಾರೆ. ಆದ್ದರಿಂದಲೇ ನಮ್ಮಲ್ಲಿ ತೆಳ್ಳಗೆ ಕಾಣುವವರಿಗೂ ಮಧುಮೇಹ ಬರುತ್ತದೆ.

'ಆಯುಷ್ಯ ನಮ್ಮ ರಕ್ತದಲ್ಲೇ ಇದೆ' ಎಂಬ ನಂಬಿಕೆಯ ವಿಷಯವಾಗಿ ಎರಡು ಮಾತು. 1870ರಿಂದ 1900ರೊಳಗೆ ಹುಟ್ಟಿದ ಡೆನ್ಮಾರ್ಕ್ ದೇಶದ ಅವಳಿಜವಳಿಗಳ ಆಯುಷ್ಯವನ್ನು ಹೋಲಿಸಿ ನೋಡಿದವರು, ಆಯುಷ್ಯದ ವ್ಯತ್ಯಾಸದಲ್ಲಿ ವಂಶದ ಪಾಲು ಸುಮಾರು ಕಾಲು ಭಾಗವೆಂದು ಕಂಡರು. ಉಳಿದ ಮುಕ್ಕಾಲು ಪಾಲು ಅನ್ನ, ನೀರು, ಅಭ್ಯಾಸ, ಅದೃಷ್ಟಗಳದು. ನಾಸಿಕದ ಕನ್ನಡಿಗರಿಗೆ ಹತ್ತಿರದ ಉದಾಹರಣೆಯೊಂದುಂಟು. ಸರ್ ಎಂ. ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಗೆ ಸೇರಿ, 1884ರಲ್ಲಿ ತಮ್ಮ ನೌಕರಿಯನ್ನು ಆರಂಭಿಸಿದ್ದು ಇದೇ ನಾಸಿಕದಲ್ಲಿ. ಮುದ್ದೇನಹಳ್ಳಿಯೆಂಬ ಸಣ್ಣ ಹಳ್ಳಿಯಲ್ಲಿ ಹುಟ್ಟಿದ ಅವರು ನೂರು ವರ್ಷ ಪೂರೈಸಿ 1962ರಲ್ಲಿ ದಿವಂಗತರಾದರು. ಅವರ ತಂದೆಯವರಾದರೋ ಮಗನು ಇನ್ನೂ ಬಾಲಕನಿರುವಾಗಲೇ ತೀರಿಕೊಂಡಿದ್ದರು.

ತಂಬಾಕಿನ ವಿಷಯದಲ್ಲಿಯೂ ಮುತ್ಯಾನ ಹೆಸರು ದುರುಪಯೋಗವಾಗುತ್ತದೆ. ನಮ್ಮ ಮುತ್ಯಾನವರು ಸುಣ್ಣ ತಿಕ್ಕಿದ ತಂಬಾಕು ಜಗಿಯುತ್ತಿದ್ದುದು ನಿಜ. ಇಂಗ್ಲೆಂಡಿನ ವೈದ್ಯರನ್ನೇ 1951ರಿಂದ ಐವತ್ತು ವರ್ಷ ಗಮನಿಸಿದ ಪ್ರಸಿದ್ಧ ಅಧ್ಯಯನದಲ್ಲಿ, ಧೂಮಪಾನಿಗಳು ಸರಾಸರಿ ಹತ್ತು ವರ್ಷ ಮೊದಲೇ ಸತ್ತರೆಂದು ತಿಳಿದುಬಂತು. ಸರಾಸರಿ ಎಂದ ಮೇಲೆ ತೊಂಬತ್ತು ಮುಟ್ಟಿದ ಒಬ್ಬಿಬ್ಬರು ಅದರಲ್ಲಿ ಇದ್ದೇ ಇರುತ್ತಾರೆ; ಊಟದ ಪಂಕ್ತಿಯಲ್ಲಿ ಅವರ ಹೆಸರು ಮಾತ್ರ ಕೇಳಿಬರುತ್ತದೆ. ಮಹಾರಾಷ್ಟ್ರದಲ್ಲಿ 2012ರಿಂದ ಗುಟಖಾ ನಿಷೇಧವಿದ್ದರೂ ಸಾತಪುರ, ವಾಳೂಜಗಳ ಕಾರ್ಖಾನೆಯ ಬಾಗಿಲಿನಲ್ಲಿ ನಮ್ಮ ಹುಡುಗರ ಜೇಬನ್ನು ನೋಡಿದರೆ ನಿಷೇಧ ಎಷ್ಟರಮಟ್ಟಿಗೆ ಇದೆಯೆಂದು ತಿಳಿಯುತ್ತದೆ.

ಇನ್ನು ಆಚರಣೆಯ ಮಾತು. ಮುತ್ಯಾನವರಿಂದ ರೊಟ್ಟಿಯನ್ನೂ ಸೊಪ್ಪನ್ನೂ ಬೇಳೆಯನ್ನೂ ಬೇಗ ಉಣ್ಣುವ ರೂಢಿಯನ್ನೂ ಪಡೆಯೋಣ. ಎತ್ತಿಲ್ಲದಿದ್ದರೂ ಕಾಲುಗಳಿವೆ, ಗೋದಾವರಿಯ ದಂಡೆಯಿದೆ, ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯೋಣ. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚೆಯ ಒಳಗೆ ಇರಬೇಕು. ಬೆವರು ಸುರಿಸದವನಿಗೆ ಮಿಸಳದ ಮೇಲಿನ ಫರಸಾಣ, ಉಪ್ಪಿನಕಾಯಿ, ಹಪ್ಪಳಗಳು ನಿತ್ಯದ ಆಹಾರವಲ್ಲ. ಮೂವತ್ತು ದಾಟಿದವರು ವರ್ಷಕ್ಕೊಮ್ಮೆಯಾದರೂ ರಕ್ತದ ಒತ್ತಡವನ್ನು ಅಳೆಸಿಕೊಳ್ಳಬೇಕು. ಬೇರೆ ಬೇರೆ ದಿನ ಅಳೆದರೂ 140/90 ಅಥವಾ ಅದಕ್ಕೂ ಮೇಲಿದ್ದರೆ ವೈದ್ಯರು ಹೇಳಿದಂತೆ ನಡೆಯಬೇಕು. ಬರಿಹೊಟ್ಟೆಯ ಸಕ್ಕರೆ 126 ಮುಟ್ಟಿದರೆ ಮಧುಮೇಹವನ್ನು ಖಚಿತಪಡಿಸಿಕೊಳ್ಳಬೇಕು.

ಮುಂದಿನ ಸಲ ಊರಿಗೆ ಹೋದಾಗ ಹಿರಿಯರನ್ನು ಕೇಳಿ ಒಂದು ಕಾಗದದ ಮೇಲೆ ಮನೆತನದ ಲೆಕ್ಕವನ್ನು ಬರೆದಿಡುವುದು ಉತ್ತಮ. ಬಹಳ ವರ್ಷ ಬಾಳಿದವರದು ಮಾತ್ರವಲ್ಲ. ಬೇಗ ಹೋದ ಕಾಕಾ, ಅತ್ತೆ, ಅಜ್ಜಿ, ಹೆಸರಿಡುವ ಮೊದಲೇ ಹೋದ ಕೂಸು, ಎಲ್ಲರದೂ. ಯಾವ ವಯಸ್ಸಿನಲ್ಲಿ, ಹೇಗೆ? 'ಎದೆ ಹಿಡಿದು', 'ಸೊರಗಿ' ಎಂಬ ಮಾತುಗಳನ್ನೂ ಇದ್ದಂತೆಯೇ ಬರೆಯಬೇಕು. ವೈದ್ಯರು ಅದರಿಂದ ಅರ್ಥ ಮಾಡಿಕೊಳ್ಳುತ್ತಾರೆ. ಅವರು ಮುಖ್ಯವಾಗಿ ಕೇಳುವುದು, ತಂದೆ ಅಥವಾ ಸೋದರನಿಗೆ 55ರೊಳಗೆ, ತಾಯಿ ಅಥವಾ ಸೋದರಿಗೆ 65ರೊಳಗೆ ಹೃದಯಾಘಾತವೋ ಲಕ್ವವೋ ಆಗಿತ್ತೇ ಎಂದು. ನಮ್ಮ ದೊಡ್ಡಪ್ಪನವರ ಮೂವರು ಮಕ್ಕಳು ಛತ್ರಪತಿ ಸಂಭಾಜಿನಗರದಲ್ಲಿಯೇ ಇದ್ದಾರೆ. ಅವರ ಕಾಗದದ ಮೇಲೆ ಮುತ್ಯಾನ 93ರ ಕೆಳಗೆ ತಂದೆಯ 54 ಬರೆಯಲ್ಪಟ್ಟಿದೆ. ಮೂವರೂ ಅಳೆಸಿಕೊಂಡರು, ಇಬ್ಬರಿಗೆ ಒತ್ತಡ ಕಂಡುಬಂದು ಹಲವು ವರ್ಷಗಳಿಂದ ದಿನಕ್ಕೊಂದು ಗುಳಿಗೆ ತೆಗೆದುಕೊಳ್ಳುತ್ತಿದ್ದಾರೆ. ಅವರಲ್ಲಿ ಹಿರಿಯವರಿಗೆ ಈಗ ಅರವತ್ತು ದಾಟಿದೆ.